ಗಲ್ಲಿನ ಅರ್ಜಿಗೆ ನನ್ನ ರುಜು ಇಲ್ಲ

ಕಣಕಟ್ಟೆ
ಸೋಮವಾರ, ೧೧-೮-೨೦೨೫

ಮೊಮ್ಮಗ ಸುನಿಲನಿಗೆ ಅಜ್ಜಿ ಹುಚ್ಚಮ್ಮ ಬರೆಯುವುದು.

ನಾಚಿಕೆ ಇದೆಯೇನೋ ನಿನಗೆ? ಸತ್ತವಳು ನಿನ್ನ ಒಡಹುಟ್ಟಿದ ತಂಗಿ. ಹಳೇಬೀಡು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿದ ಫ್ಲೆಕ್ಸಿನಲ್ಲಿ ಅವಳ ಫೋಟೋ ಮೂಲೆಗೆ, ನಿನ್ನ ಮುಖ ಮೊರದಗಲ. ಜೊತೆಗೆ ಈ ಅರ್ಜಿ ಬೇರೆ. ದಿವ್ಯಾಳನ್ನು ಕೊಂದ ಗಂಡ ಚೇತನ್‌ಕುಮಾರನನ್ನು ಗಲ್ಲಿಗೇರಿಸಬೇಕು, ಅಜ್ಜಿಯ ರುಜು ಇದ್ದರೆ ಪೇಪರಿನವರು ಬರುತ್ತಾರೆ ಎಂದು ಕಳಿಸಿದ್ದೀಯ. ಮೂರನೇ ಕ್ಲಾಸಿನ ಮುದುಕಿ, ಓದದೆ ರುಜು ಹಾಕುತ್ತಾಳೆ ಅಂದುಕೊಂಡೆಯಾ? ಎರಡು ಸಲ ಓದಿದೆ. ಅದರ ಹಿಂದುಗಡೆಯೇ ಈ ಕಾಗದ ಬರೆಯುತ್ತಿದ್ದೇನೆ. ರುಜು ಹಾಕುವುದಿಲ್ಲ.

ಆ ನಾಯಿಯ ಮೇಲೆ ನನಗೆ ಕನಿಕರ ಎಂದು ಊರಲ್ಲಿ ಸಾರಬೇಡ. ಅವನು ಜೈಲಿನಲ್ಲೇ ಮುದುಕನಾಗಲಿ, ಹಲ್ಲು ಉದುರಲಿ, ಮುದ್ದೆ ನುಂಗಲಾರದೆ ಒದ್ದಾಡಲಿ. ನನ್ನ ಹೊಟ್ಟೆ ಉರಿಯುವುದು ನಿಮ್ಮನ್ನು ನೋಡಿ. ಸಮಾಜದ ಪರವಾಗಿ ಎಂದು ಬರೆದು, ಕೆಳಗೆ ಮೊದಲ ರುಜು ನಿನ್ನ ದೊಡ್ಡಪ್ಪ ಚಿಕ್ಕಣ್ಣನದು. ಯುಗಾದಿ ಮುಗಿದ ಮರುವಾರ ದಿವ್ಯಾ ಕಿವಿಯಲ್ಲಿ ರಕ್ತ ಸುರಿಸಿಕೊಂಡು ಗೆಂಡೆಹಳ್ಳಿಯಿಂದ ಬಂದಳಲ್ಲ, ಅವತ್ತು ನಮ್ಮ ಜಗಲಿಯ ಮೇಲೆ ಕೂತು ನ್ಯಾಯ ಹೇಳಿದವನು ಇವನೇ. ಎಲೆಗೆ ಸುಣ್ಣ ಸವರುತ್ತಾ, "ಬಸ್ಸು ಫ್ರೀ ಆದಾಗ್ಲಿಂದ ಹೆಣ್ಮಕ್ಳು ಒಂದೇಟು ಬಿದ್ರೂ ತವರಿಗೆ ಬತ್ತಾವೆ ಕಣ್ರಪ್ಪ" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಈಗ ಮೆರವಣಿಗೆಯಲ್ಲಿ ನೇಣಿನ ಹಗ್ಗ ಎತ್ತಿಕೊಂಡು ಮುಂದೆ ನಡೆಯುವವನೂ ಅವನೇ.

ನಾನೇನು ಸಾಚಾ ಅಲ್ಲ. ದಿವ್ಯಾ, ತಾಯಿ ಸತ್ತ ಮೇಲೆ ನಾನೇ ಸಾಕಿದ ಕೂಸು. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು, "ಅಜ್ಜಿ, ಕಾಯಿ ಸುಲಿಯಕ್ಕಾದ್ರೂ ಹೋಯ್ತೀನಿ, ಕಳಿಸ್ಬ್ಯಾಡ" ಅಂದಳು. ನಾನು ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ತಂದು ಮಡಿಲು ತುಂಬಿದೆ. ಮಡಿಲು ತುಂಬಿಸಿಕೊಂಡ ಹೆಣ್ಣು ಅವತ್ತೇ ಗಂಡನ ಮನೆಗೆ ಹೊರಡಬೇಕು. ಅದು ಗೊತ್ತಿದ್ದೇ ತುಂಬಿದೆ. ಹೋಗು ಅನ್ನಲು ಬಾಯಿ ಬರಲಿಲ್ಲ, ಶಾಸ್ತ್ರದ ಕೈಯಲ್ಲಿ ಅನ್ನಿಸಿದೆ. ಅವಳು ಅಕ್ಕಿ ಚೆಲ್ಲದ ಹಾಗೆ ಸೆರಗು ಹಿಡಿದುಕೊಂಡು ಬಸ್ಸು ಹತ್ತಿದಳು. ಒಂಬತ್ತನೇ ದಿನ ಸುದ್ದಿ ಬಂತು. ಮಡಿಲಕ್ಕಿಯ ಗಂಟನ್ನು ಅವಳು ಬಿಚ್ಚಿರಲೇ ಇಲ್ಲವಂತೆ.

ಈ ಅರ್ಜಿ ಹೋದರೆ ಎಲ್ಲವೂ ಅವನೊಬ್ಬನ ತಲೆಗೆ. ಅವನನ್ನು ನೇಣಿಗೆ ಹಾಕಿ ನಾವು ಊಟಕ್ಕೆ ಕೂರಬಹುದು. ಜಗಲಿಯ ಮೇಲೆ ಕೂತಿದ್ದವರ ಹೆಸರನ್ನೂ, ನಿನ್ನ ಹೆಸರನ್ನೂ, ಮಡಿಲು ತುಂಬಿದವಳ ಹೆಸರನ್ನೂ ಬರೆದು ತಾ. ಅದಕ್ಕೆ ಬೇಕಾದರೆ ಹತ್ತು ಸಲ ಹಾಕುತ್ತೇನೆ.

ಇಂತಿ,
ದಿವ್ಯಾಳ ಅಜ್ಜಿ, ಏನು ಮಾಡಲಿ, ನಿನಗೂ ಅಜ್ಜಿ,
ಹುಚ್ಚಮ್ಮ

ಇನ್ನೊಂದು ಮಾತು: ಹೆಂಡತಿ ಬಿಂದುಶ್ರೀ ತವರಿಗೆ ಹೋಗಿದ್ದಾಳೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೀಯಂತೆ. ಅವಳು ಶುಕ್ರವಾರದಿಂದ ನನ್ನ ಮನೆಯಲ್ಲಿದ್ದಾಳೆ. ಅರಸೀಕೆರೆಗೆ ಕರೆದುಕೊಂಡು ಹೋಗಿ ತುಟಿಗೆ ನಾಲ್ಕು ಹೊಲಿಗೆ ಹಾಕಿಸಿದೆ. ಬಚ್ಚಲಲ್ಲಿ ಜಾರಿದೆ ಎಂದು ಅವಳು ಡಾಕ್ಟರಿಗೆ ಹೇಳಿದಳು. ಗಂಡ ಹೊಡೆದದ್ದು ಎಂದು ನಾನು ಬರೆಸಿದೆ. ಕರೆದುಕೊಂಡು ಹೋಗಲು ಬರಬೇಡ, ನಾನು ಕಳಿಸುವುದಿಲ್ಲ. ಅವಳಿಗೆ ಏನು ಮಾಡಿದೆ ಎಂದು ನಿನ್ನ ಕೈಯಾರೆ ಬರೆದು, ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಕಳಿಸು.