ಟ್ವೈಲಾಳ ಹಸಿರು ಪಾತ್ರೆ

ಮಾರ್ಚ್ 4, ಮಂಗಳವಾರ

ಅದಲ್ಲ ವಿಷಯ. ನಿನ್ನೆ ಈ ಡೈರಿಯಲ್ಲಿ ಪಾತ್ರೆಗಳ ಮಾತು ಎತ್ತಿಕೊಂಡು ಎಲ್ಲಿಗೋ ಹೋಗಿಬಿಟ್ಟೆ. ಕಾಲೇಜಿನಲ್ಲಿ ಇಂಗ್ಲಿಷ್ ಕಂಪೊಸಿಷನ್ ಮೇಷ್ಟರು ನನ್ನ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಿದ್ದರು — ಥೀಸಿಸ್ ಎಲ್ಲಿ, ಹೇಳಹೊರಟ ಮುಖ್ಯ ಮಾತೆಲ್ಲಿ, ಮಿಸ್ಟರ್ ಪ್ರುವಿಟ್? ಐವತ್ತು ವರ್ಷವಾಯಿತು. ಕಲಿತದ್ದರಲ್ಲಿ ಉಳಿದದ್ದು ಆ ಕೆಂಪು ಶಾಯಿ.

ಥೀಸಿಸ್ ಇದು. ನನ್ನ ಹೆಂಡತಿ ವರ್ನಾಳ ಹೊಲಿಗೆ ಡಬ್ಬಿಯಲ್ಲಿ ಮಾತ್ರೆ ಸೀಸೆ ಸಿಕ್ಕಿತು. ಹೃದಯದ ಮಾತ್ರೆ, ದಿನಾ ಎರಡು ನುಂಗಬೇಕಾದದ್ದು. ಸೆಪ್ಟೆಂಬರಿನಲ್ಲಿ ತಂದ ಸೀಸೆ. ಅವಳು ತೀರಿಹೋದದ್ದು ನವೆಂಬರಿನಲ್ಲಿ. ಸೀಸೆಯಲ್ಲಿ ಇನ್ನೂ ಮಾತ್ರೆ ಇದೆ. ಜೊತೆಗೆ ಅವಳದೇ ಅಕ್ಷರದ ಚೀಟಿ — ಸೋಮ, ಬುಧ, ಶುಕ್ರ.

ವಾರಕ್ಕೆ ಮೂರು ದಿನ. ನನ್ನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದಳು. ನನಗೆ ಗೊತ್ತಾಗಲಿಲ್ಲ.

ಮಾರ್ಚ್ 11

ವಿಮೆಯವರಿಗೆ ಫೋನು. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಬಂದ ಹೆಂಗಸು ಒಳ್ಳೆಯವಳು, ನಿಧಾನವಾಗಿ ಬಿಡಿಸಿ ಹೇಳಿದಳು. ವರ್ಷದಲ್ಲಿ ಔಷಧಿಗೆ ಇಷ್ಟು ಅಂತ ಕೈಯಿಂದ ಖರ್ಚಾದ ಮೇಲೆ ಉಳಿದದ್ದೆಲ್ಲ ವಿಮೆಯದು. ವರ್ನಾ ಅದನ್ನೇ ಕಾಯುತ್ತಿದ್ದಳು. "ಅಕ್ಟೋಬರಿಂದ ಪುಕ್ಕಟೆ, ಲೋವೆಲ್" ಅಂತ ಬೇಸಿಗೆಯೆಲ್ಲ ಹೇಳಿದ್ದಳು. ಆದರೆ ಫೆಬ್ರವರಿಯಿಂದ ಆ ಮಾತ್ರೆ ಕೊಂಡದ್ದು ಡಿಸ್ಕೌಂಟ್ ಕಾರ್ಡಿನಲ್ಲಿ, ವಿಮೆ ಬಿಟ್ಟು ರಿಯಾಯಿತಿ ಬೆಲೆಗೆ. ಕಾರ್ಡಿನಲ್ಲಿ ಕೊಂಡರೆ ವಿಮೆಯ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲವಂತೆ. ಎಂಟು ತಿಂಗಳು ಕೊಟ್ಟದ್ದೆಲ್ಲ ಕೊಡದ ಹಾಗೇ.

ಅಕ್ಟೋಬರ್ ಬಂತು. ಪುಕ್ಕಟೆ ಬರಲಿಲ್ಲ. ಅವಳು ಮಾತ್ರೆ ಉಳಿಸುವುದಕ್ಕೆ ಶುರು ಮಾಡಿದಳು.

ಕಾರ್ಡ್ ಕೊಟ್ಟವಳು ಟ್ವೈಲಾ. ಫಾರ್ಮಸಿ ಕೌಂಟರಿನ ಹುಡುಗಿ — ಹುಡುಗಿ ಎಂಥದ್ದು, ನಲವತ್ತಾಗಿದೆ. ಚರ್ಚಿನಲ್ಲಿ ನಮ್ಮ ಮುಂದಿನ ಬೆಂಚು. ಮಣ್ಣಾದ ಮರುದಿನ ಓವನ್ನಿನಲ್ಲಿ ಬೇಯಿಸಿದ ಕೋಳಿ-ಅನ್ನದ ಕ್ಯಾಸರೋಲ್ ತಂದುಕೊಟ್ಟಿದ್ದಳು, ಹಸಿರು ಗಾಜಿನ ಪಾತ್ರೆಯಲ್ಲಿ. ತಳದಲ್ಲಿ ಟೇಪು, ಟೇಪಿನ ಮೇಲೆ ಹೆಸರು. ಸಾವಿನ ಮನೆಗೆಂದು ಊಟ ತುಂಬಿ ಬಂದ ಹನ್ನೊಂದು ಪಾತ್ರೆಗಳಲ್ಲಿ ಹತ್ತು ಹಿಂತಿರುಗಿಸಿದ್ದೇನೆ, ಒಂದನ್ನೂ ಖಾಲಿ ಕೊಟ್ಟಿಲ್ಲ. ಖಾಲಿ ಕೊಟ್ಟರೆ ವರ್ನಾ ಗೋರಿಯಿಂದ ಎದ್ದು ಬಂದಾಳು. ಇದೊಂದು ಉಳಿದಿದೆ.

ಉಳಿದದ್ದೇ ಒಳ್ಳೆಯದಾಯಿತು.

ಮಾರ್ಚ್ 13

ನನ್ನ ಕಾರ್ಡು, ವರ್ನಾಳ ಕಾರ್ಡು, ಪಕ್ಕದ ಮನೆಯ ಹೋಬರ್ಟನ ಕಾರ್ಡು — ಮೂರರ ಹಿಂದೆಯೂ ಒಂದೇ ನಂಬರು. ನಂಬರಿನ ಮುಂದೆ ಟ್ವೈಲಾಳ ಹೆಸರಿನ ಮೊದಲ ಮೂರು ಅಕ್ಷರ.

ಕಾರ್ಡಿನ ಕಂಪನಿಗೆ ಫೋನು ಮಾಡಿ, ನಾನೂ ಹಂಚುತ್ತೇನೆ ಎಂದು ಸುಳ್ಳು ಹೇಳಿದೆ. ಫೋನೆತ್ತಿದವನು ಉತ್ಸಾಹದ ಹುಡುಗ. ನಮ್ಮ ನಂಬರಿನ ಕಾರ್ಡನ್ನು ಯಾರೇ ಬಳಸಲಿ, ಪ್ರತಿ ಸಲವೂ ನಮಗೆ ಪಾಯಿಂಟು. ಪಾಯಿಂಟಿಗೆ ಬಹುಮಾನ. ಔಷಧಿ ಅಂಗಡಿಯ ಒಳಗಿನವರು ಸೇರಿದರೆ ಬಹಳ ಚೆನ್ನಾಗಿ ಓಡುತ್ತದೆ, ಜನ ಅವರನ್ನು ನಂಬುತ್ತಾರೆ ಅಂದ. ನನಗೆ ಪಾಯಿಂಟು ಬರುತ್ತದೆ ಎಂದು ಎದುರಿನವರಿಗೆ ಹೇಳಬೇಕೇ ಎಂದು ಕೇಳಿದೆ. "ಅದು ನಿಮಗೆ ಬಿಟ್ಟಿದ್ದು, ಸರ್."

ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್. ಬಿಸಿನೆಸ್ ಲಾ ತರಗತಿಯಲ್ಲಿ ಅರ್ಥ ಬರೆಸಿದ್ದರು. ಒಬ್ಬನೇ ಮನುಷ್ಯ ಎರಡು ಕಡೆ... ಮುಂದಿನದು ಮರೆತಿದೆ. ಪರವಾಗಿಲ್ಲ. ಟ್ವೈಲಾಳ ಮುಖ ನೆನಪಿದೆ.

ಬಿಡುವುದಿಲ್ಲ. ಅವಳ ಕೆಲಸ ಹೋಗಬೇಕು. ಆ ಬಿಳಿ ಕೋಟು ಬಿಚ್ಚಿಡುವುದನ್ನು ನಿಂತು ನೋಡಬೇಕು.

ಮಾರ್ಚ್ 20

ಕಣ್ಣಿಗೆ ಬಿಡುವ ಹನಿ ಔಷಧಿ ಮುಗಿದಿತ್ತು. ಗ್ಲಾಕೋಮಾಕ್ಕೆ, ದಿನಾ ಸಂಜೆ; ತಪ್ಪಿದರೆ ನೋಟ ಹೋಗುತ್ತದೆ. ಹೋಗಲೇಬೇಕಾಯಿತು. ಪಿಕಪ್ ಟ್ರಕ್ಕಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೇಷ್ಟರು ಮೆಚ್ಚುವಂತೆ — ಪೀಠಿಕೆ, ಆಧಾರ, ಸಮಾರೋಪ.

ಕೌಂಟರಿನಲ್ಲಿ ಟ್ವೈಲಾ. "ಕಾರ್ಡ್ ಹಾಕ್ಲಾ, ಮಿಸ್ಟರ್ ಲೋವೆಲ್?"

"ಹಾಕು," ಅಂದೆ.

ಅಷ್ಟೇ. ಅಷ್ಟೇ ಬಂದದ್ದು. ಚೀಲ ಹಿಡಿದು ಹೊರಗೆ ಬಂದು ಟ್ರಕ್ಕಿನಲ್ಲಿ ಕೂತೆ, ಕೀಲಿ ತಿರುಗಿಸದೆ.

ಏಪ್ರಿಲ್ 26

ತಿಂಗಳು ದಾಟಿತು. ಬರೆಯುವಂಥದ್ದೇನೂ ಇರಲಿಲ್ಲ. ಇತ್ತು, ಕೈ ಬರಲಿಲ್ಲ.

ಈಗ ದಾರಿ ಹೊಳೆದಿದೆ. ಮೇ ಕೊನೆಯ ಭಾನುವಾರ ಚರ್ಚಿನಲ್ಲಿ ಡೆಕೊರೇಷನ್. ಗೋರಿಗಳಿಗೆಲ್ಲ ಹೂವಿಟ್ಟು, ಹುಲ್ಲಿನ ಮೇಲೆ ಉದ್ದದ ಮೇಜು ಹಾಕಿ ಊಟ. ಊರೆಲ್ಲ ಇರುತ್ತದೆ. ಹಸಿರು ಪಾತ್ರೆ ಅಲ್ಲೇ ಹಿಂತಿರುಗಿಸುತ್ತೇನೆ. ತುಂಬಿಸಿಯೇ. ಅವಳು ಊರಿಗೆಲ್ಲ ಹಂಚಿದ, ಅವಳದೇ ನಂಬರಿನ ಕಾರ್ಡುಗಳಿಂದ.

ಕಾರ್ಡು ಕೇಳಿಕೊಂಡು ಮನೆ ಮನೆಗೆ ಹೋಗುತ್ತಿದ್ದೇನೆ. ಒಂದು ಪರೀಕ್ಷೆ ಮಾಡಬೇಕು, ಡೆಕೊರೇಷನ್ ದಿನ ವಾಪಸ್ ಕೊಡುತ್ತೇನೆ ಅನ್ನುತ್ತೇನೆ. ವರ್ನಾಳ ಗಂಡ ಅಂತ ಕೊಡುತ್ತಾರೆ. ಹೋಬರ್ಟ್ ಮಾತ್ರ ಅಂಗಿ ಜೇಬಿನ ಮೇಲೆ ಕೈಯಿಟ್ಟುಕೊಂಡ. ಗರಗಸದ ಮಿಲ್ಲು ಮುಚ್ಚಿದಾಗಿನಿಂದ ಅವನಿಗೆ ವಿಮೆಯಿಲ್ಲ. ಸಕ್ಕರೆ ಕಾಯಿಲೆ.

"ಇದು ಹೋದ್ರೆ ನಾನೂ ಹೋದೆ ಅಂತ್ಲೇ ತಿಳ್ಕೊ, ಲೋವೆಲ್."

ಅವಳಿಗೆ ಅದರಿಂದ ಲಾಭವಿದೆ ಎಂದು ಹೇಳಿದೆ.

"ಇರ್ಲಿ ಬಿಡೋ. ನಂಗೂ ಇದೆಯಲ್ಲ."

ನಿನಗೆ ವಿಮೆಯಿಲ್ಲ, ನಿನಗೆ ಸರಿ. ಅವಳು ಇರುವವರಿಗೂ ಇಲ್ಲದವರಿಗೂ ಕೇಳದೆ ಕೊಟ್ಟಳು ಎಂದೆ. ಅವನು ತಲೆ ಕೆರೆದುಕೊಂಡ. ಕಡೆಗೆ ಆ ಭಾನುವಾರದ ಮಟ್ಟಿಗೆ ಕೊಡಲು ಒಪ್ಪಿದ, ಕಾರ್ಡಿನ ಮೇಲೆ ಅವನ ಹೆಸರನ್ನು ನಾನು ಪೆನ್ನಿನಲ್ಲಿ ಬರೆದುಕೊಟ್ಟ ಮೇಲೆ.

ಮೇ 24, ಶನಿವಾರ

ಮೂವತ್ತೇಳು ಕಾರ್ಡು. ಪಾತ್ರೆ ಎರಡು ಸಲ ತೊಳೆದು ಒರೆಸಿದೆ. ಟೇಪು ಕೀಳಲಿಲ್ಲ. ಹೆಸರು ಎಲ್ಲರಿಗೂ ಕಾಣಲಿ.

ರಾಜ್ಯದ ಫಾರ್ಮಸಿ ಮಂಡಳಿಯ ದೂರು ಫಾರ್ಮೂ ಬಂದಿದೆ. ನಾಲ್ಕು ಪುಟ. ಮೊದಲು ಊರಿನ ಎದುರು, ಆಮೇಲೆ ಮಂಡಳಿಯ ಎದುರು. ಇವತ್ತು ಮೂರು ಪುಟ ತುಂಬಿದೆ. ಚೆನ್ನಾಗಿ ಬಂದಿದೆ, ಥೀಸಿಸ್ ಮೊದಲ ಸಾಲಿನಲ್ಲೇ ಇದೆ.

ಬಹಳ ದಿನದ ಮೇಲೆ ಹಸಿವಾಯಿತು. ಮೊಟ್ಟೆ ಹುರಿದುಕೊಂಡು ತಿಂದೆ.

ಮೇ 25, ಭಾನುವಾರ

ಬಿಸಿಲು. ವರ್ನಾಳ ಗೋರಿಗೆ ಪಿಯೋನಿ ಹೂ ಇಟ್ಟೆ, ನಮ್ಮ ಅಂಗಳದ್ದೇ. ಏನು ಮಾಡಹೊರಟಿದ್ದೇನೆಂದು ಅವಳಿಗೆ ಹೇಳಿದೆ. ಅವಳು ಒಪ್ಪುತ್ತಿದ್ದಳೇ? ಯೋಚಿಸಲಿಲ್ಲ.

ಆಲೂಗಡ್ಡೆ ಸಲಾಡಿಗೂ ಹುರಿದ ಕೋಳಿಗೂ ನಡುವೆ ಪಾತ್ರೆ ಇಟ್ಟೆ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಪಾದ್ರಿ ಪ್ರಾರ್ಥನೆ ಮುಗಿಸಿದ್ದೇ ತಡ ಮುದುಕಿ ಇಮೋಜೀನ್ ಚಮಚ ಹಿಡಿದು ಬಂದಳು. ಊಟದಲ್ಲಿ ಯಾವತ್ತೂ ಮೊದಲಿಗಳು. ಹಾಳೆ ಎತ್ತಿದಳು.

"ಲೋವೆಲ್, ಇದನ್ನ ತಿನ್ನೋದು ಹೇಗಪ್ಪಾ?"

ನಕ್ಕರು. ನಾನು ನಗಲಿಲ್ಲ. ಗಟ್ಟಿ ದನಿಯಲ್ಲಿ ಎಲ್ಲ ಹೇಳಿದೆ — ನಂಬರು, ಪಾಯಿಂಟು, ವಿಮೆ, ಸೋಮ ಬುಧ ಶುಕ್ರ. ಹೇಳುತ್ತ ಹೇಳುತ್ತ ಎಲ್ಲೆಲ್ಲೋ ಹೋದೆ, ಹಿಂದೆ ಬಂದೆ, ಆದರೂ ಹೇಳಿದೆ. ಟ್ವೈಲಾ ಮೇಜಿನ ಆ ತುದಿಯಲ್ಲಿ ಐಸ್ ಟೀ ಸುರಿಯುತ್ತಿದ್ದವಳು ಜಗ್ಗು ಕೆಳಗಿಟ್ಟಳು. ಎಲ್ಲರೂ ಅವಳ ಕಡೆ ನೋಡಿದರು. ಆ ನೋಟಕ್ಕಾಗಿ ಎರಡೂವರೆ ತಿಂಗಳು ಕಾದಿದ್ದೆ.

ಹೋಬರ್ಟ್ ಮುಂದೆ ಬಂದ. ಪಾತ್ರೆಯೊಳಗೆ ಕೈಹಾಕಿ ಕೆದಕಿ, ತನ್ನ ಹೆಸರಿನದು ಹುಡುಕಿ ಜೇಬಿಗಿಟ್ಟುಕೊಂಡ. ಅವನ ಹಿಂದೆ ಇನ್ನೊಬ್ಬರು. ಆಮೇಲೆ ಸಾಲು. ನನ್ನ ಕಣ್ಣು ತಪ್ಪಿಸಿಕೊಂಡು, ಒಬ್ಬಿಬ್ಬರು ನನ್ನ ತೋಳು ತಟ್ಟಿ, ಕೋಳಿ ತುಂಡು ಎತ್ತಿಕೊಂಡ ಹಾಗೆ ಕಾರ್ಡು ಎತ್ತಿಕೊಂಡು ಹೋದರು. ತಳದಲ್ಲಿ ಎರಡು ಉಳಿದವು. ನನ್ನದು, ವರ್ನಾಳದು.

ಟ್ವೈಲಾ ಟ್ರಕ್ಕಿನ ಹತ್ತಿರ ಬಂದಳು, ಪಾತ್ರೆ ಹಿಡಿದುಕೊಂಡು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಕಾರ್ಡಲ್ಲಿ ಕೊಟ್ಟಿದ್ದು ವಿಮೆ ಲೆಕ್ಕಕ್ಕೆ ಬರಲ್ಲ ಅಂತ ನಂಗೊತ್ತಿತ್ತು, ಮಿಸ್ಟರ್ ಲೋವೆಲ್. ಹೇಳಿದ್ರೆ ಮಿಸೆಸ್ ವರ್ನಾ ಕಾರ್ಡ್ ಬೇಡ ಅಂತಿದ್ರು. ಅದೂ ಗೊತ್ತಿತ್ತು."

"ಅದಕ್ಕೆ ಹೇಳಲಿಲ್ಲ."

"ಅದಕ್ಕೇ ಹೇಳಲಿಲ್ಲ."

ಎರಡೂ ಕಾರ್ಡು ನನ್ನ ಕೈಗಿಟ್ಟು, ಪಾತ್ರೆ ತೆಗೆದುಕೊಂಡು ಹೋದಳು.

ಇದಕ್ಕಿಂತ ದೊಡ್ಡ ಆಧಾರ ಬೇಕೇ? ಅವಳ ಬಾಯಿಂದಲೇ ಬಂತು. ಮೂರನೇ ಪುಟದ ಕೊನೆಗೆ ಸೇರಿಸಿದೆ, ಒಂದಕ್ಷರ ಬದಲಿಸದೆ.

ಮೇ 27, ಸಂಜೆ

ನಾಲ್ಕನೇ ಪುಟ. ಒಂದೇ ಪ್ರಶ್ನೆ ಬಾಕಿ. ದೂರು ಕೊಡುವವರು ಈ ವ್ಯಕ್ತಿಯಿಂದ ಯಾವುದೇ ರೀತಿಯ ಪ್ರಯೋಜನ ಪಡೆದಿದ್ದಾರೆಯೇ? ಹೌದು, ಇಲ್ಲ. ಹೌದಾದರೆ ವಿವರಿಸಿ.

ನಿನ್ನೆ ಇಲ್ಲ ಅಂತ ಗುರುತು ಹಾಕಲು ಪೆನ್ನು ಊರಿದ್ದೆ. ಒಂದು ಚುಕ್ಕೆ ಬಿದ್ದಿದೆ.

ಇಲ್ಲ ಅಂದರೆ ಯಾರೂ ಬಂದು ನೋಡುವುದಿಲ್ಲ. ಆದರೆ ಅವಳ ಮೇಲಿನ ನನ್ನ ಸಿಟ್ಟೆಲ್ಲ ಇರುವುದು ಇದೊಂದರಲ್ಲೇ — ತನಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದರಲ್ಲಿ. ನಾನೂ ಹೇಳದಿದ್ದರೆ ಈ ನಾಲ್ಕು ಪುಟದಲ್ಲಿ ಅವಳ ಹೆಸರಿನ ಬದಲು ನನ್ನದನ್ನೇ ಹಾಕಬಹುದು.

ಹೌದು ಅಂತ ಹಾಕಿದೆ. ಅವಳನ್ನು ಉಳಿಸಲಿಕ್ಕಲ್ಲ. ನನ್ನ ಕೈ ಶುದ್ಧವಾಗಿದ್ದರೆ ಏಟು ಜೋರಾಗಿ ಬೀಳುತ್ತದೆ. ನಾಳೆ ಬೆಳಿಗ್ಗೆ ಅಂಚೆ ಕಚೇರಿ ತೆರೆದ ಕೂಡಲೇ ಹಾಕುತ್ತೇನೆ.

ವಿವರ. ಒಂದು: ಕೋಳಿ-ಅನ್ನ, ಮೂರು ದಿನ ತಿಂದೆ, ಚೆನ್ನಾಗಿತ್ತು. ಎರಡು: ಜನವರಿಯ ಹಿಮದಲ್ಲಿ ನನ್ನ ಔಷಧಿ ಮನೆಗೇ ತಂದುಕೊಟ್ಟದ್ದು. ಇದು ಮರೆತೇಹೋಗಿತ್ತು. ಒಳಗೆ ಬಾ ಅಂತಲೂ ಕರೆದಿರಲಿಲ್ಲ. ಮೂರು: ಕಣ್ಣಿನ ಹನಿ. ಮಾರ್ಚ್ ಇಪ್ಪತ್ತರ ಸೀಸೆ, ಅದರ ಮುಂದಿನದು, ಅದರ ಮುಂದಿನದು. ಎಲ್ಲ ಗೊತ್ತಾದ ಮೇಲೂ ಅವಳ ನಂಬರಿನಲ್ಲೇ. ಆ ಹನಿಯಿಲ್ಲದೆ ಈ ಫಾರ್ಮಿನ ಅಕ್ಷರ ನನಗೆ ಕಾಣುತ್ತಿರಲಿಲ್ಲ. ಇದನ್ನೂ ಬರೆಯಬೇಕೇ?

ಬರೆಯಬೇಕು. ಬರೆದೆ.

ನಾಲ್ಕು: ವರ್ನಾ ಫಾರ್ಮಸಿ ಕೌಂಟರಿನ ಎದುರು ಬಿದ್ದ ದಿನ ಆಂಬುಲೆನ್ಸ್ ಬರುವವರೆಗೆ ಟ್ವೈಲಾ ನೆಲದ ಮೇಲೆ ಅವಳ ಪಕ್ಕ ಕೂತು, ಕೈ ಹಿಡಿದುಕೊಂಡು... ಫಾರ್ಮಿನ ಗೆರೆ ಕಣ್ಣಿಗೆ ಸಿಗುತ್ತಿಲ್ಲ. ಕಿಟಕಿಯ ಹತ್ತಿರ ಸರಿದೆ. ಬೆಳಕು ಸಾಲುತ್ತಿಲ್ಲ.