ಮೊಡವೆ ಮುಖದಲ್ಲೇ ಬಾಗಿಲಿಗೆ ಕೂತಿದ್ದೇನೆ

ಪುಟ್ಟತ್ತೆ,

ನಿನ್ನ ಜಾಗದಲ್ಲಿ ಕೂತಿದ್ದೇನೆ. ಅದೇ, ಬಾಗಿಲ ಬಳಿಯ ಮರ ಕಡೆಯುವ ಲೇತು, ಗಿರಾಕಿಗಳು ಬರುತ್ತಲೇ ಕಾಣುವ ಜಾಗ. ಕೋಪ ಬಂದರೆ ಬರಲಿ. ನೀನಿದ್ದಾಗ ಎದುರು ಮಾತಾಡಲು ಆಗಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಗಂಡಸರಷ್ಟೇ ಲೇತಿಗೆ ಕೂರುತ್ತಿದ್ದಾಗ ಯಾರ ಮಾತಿಗೂ ಸೊಪ್ಪು ಹಾಕದೆ ಕೂತವಳು ನೀನು. ನನಗೂ ಬೊಂಬೆ ಕೆಲಸ ಕೈಹಿಡಿದು ಕಲಿಸಿದೆ. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತುವುದು, ಅದು ಕರಗಿ ಹಿಡಿದ ಮೇಲೆ ತಾಳೆಗರಿಯಿಂದ ಉಜ್ಜುವುದು. “ಮೊಕ ಕಾಣೋ ಗಂಟ ಉಜ್ಜು ಕಣೇ,” ಅನ್ನುತ್ತಿದ್ದೆ. ಮೂವತ್ತೊಂದನೇ ವಯಸ್ಸಿಗೆ ಗಲ್ಲದ ತುಂಬ ಮೊಡವೆ ಎದ್ದಾಗ ನಾನು ಮಾಡಿದ್ದೂ ಅದನ್ನೇ. ಕಡಲೆಹಿಟ್ಟು, ಸಕ್ಕರೆ, ಕೊನೆಗೆ ಒರಟು ಟವೆಲ್ಲು... ಉಜ್ಜಿದರೆ ನುಣುಪಾಗದ್ದು ಯಾವುದಿದೆ ಅಂತ ನಂಬಿದ್ದೆ. ಎಷ್ಟು ಉಜ್ಜಿದೆನೋ ಅಷ್ಟು ಹೆಚ್ಚಾಯಿತು.

ಆ ಶನಿವಾರ ನೆನಪಿದೆಯಾ? ಬೆಂಗಳೂರಿನಿಂದ ಒಂದು ಬಸ್ಸು ತುಂಬ ಗಿರಾಕಿಗಳು ಬರುವವರಿದ್ದರು. ನೀನು ನನ್ನ ಮುಖ ನೋಡಿದೆ, ಆಮೇಲೆ ಗಿಲಕಿಗಳ ಬುಟ್ಟಿ ನೋಡಿದೆ. “ನೀನ್ ಒಸಿ ಒಳಗಿನ ಲೇತಲ್ಲಿ ಕೂತ್ಕೊ. ಮಕ್ಕಳು ಬಾಯಿಗಿಟ್ಕೊಳೋ ಸಾಮಾನು ಮಾರ್ತೀವಿ. ನಮ್ ಬಣ್ಣದಿಂದ್ಲೇ ನಿನ್ ಮೊಕ ಹಿಂಗಾಗೈತೆ ಅಂದ್ಕೊಂಬುಡ್ತಾರೆ.” ಒಂದು ದಿನದ ಮಾತು ಅಂದುಕೊಂಡೆ. ಐದು ವರ್ಷ ಒಳಗೇ ಕೂತೆನಲ್ಲ ಅತ್ತೆ! ಇಡೀ ಬೀದಿಗೆ ಹೆದರದವಳು ನನ್ನ ಗಲ್ಲಕ್ಕೆ ಹೆದರಿದೆಯಾ? ಅದು ನನಗೆ ಇವತ್ತಿಗೂ ಉರಿಯುತ್ತದೆ.

ನೀನು ಸುಮ್ಮನೆಯೂ ಇರಲಿಲ್ಲ. ಒಂದು ದಿನ ಮೆಡಿಕಲ್ ಸ್ಟೋರಿನಿಂದ ಟ್ಯೂಬೊಂದನ್ನು ತಂದು ಕೈಗಿಟ್ಟೆ. “ಹಚ್ಕೊ, ಎಲ್ಲಾ ಸರೋಯ್ತದೆ.” ಹದಿನೈದು ದಿನ ಮುಖ ಎಳೆ ಮಗುವಿನದರಂತಿತ್ತು, ನೀನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಹಚ್ಚದಿದ್ದರೆ ಉರಿ, ಹಚ್ಚಿದರೂ ಮೊಡವೆ. ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳು. ಪ್ರೀತಿಯಿಂದಲೇ ತಂದೆ ಅನ್ನುವುದೂ ಗೊತ್ತು, ಅದಕ್ಕೇ ಜಗಳ ಆಡಲೂ ಆಗದೆ...

ನಿನ್ನ ತಿಥಿ ಮುಗಿದ ವಾರ ರಾಮನಗರಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಟ್ಯೂಬಿನ ಮೇಲಿನ ಅಕ್ಷರ ಓದಿ ಅವರು ಹುಬ್ಬು ಗಂಟಿಕ್ಕಿದರು. “ಇದ್ರಲ್ಲಿ ಸ್ಟೀರಾಯ್ಡ್ ಇದೆಯಲ್ಲಮ್ಮ, ಯಾರು ಕೊಟ್ಟಿದ್ದು?” ನಿನ್ನ ಹೆಸರು ಹೇಳಲಿಲ್ಲ. ಉಜ್ಜಿದ ಕಥೆ ಹೇಳಿದ್ದಕ್ಕೆ, “ಈ ಟ್ಯೂಬು, ಉಜ್ಜೋದು ಎರಡನ್ನೂ ಮೊದ್ಲು ನಿಲ್ಲಿಸಿ. ದಿನಕ್ಕೆರಡು ಸಲ ಮೆತ್ತಗೆ ತೊಳೀರಿ, ಸಾಕು,” ಅಂದರು. ರಾತ್ರಿ ಹಚ್ಚಲು ಬಟಾಣಿ ಕಾಳಿನಷ್ಟು ಮುಲಾಮು. ಮೊದಲು ಹೆಚ್ಚಾದಂತೆ ಕಾಣಬಹುದು, ಮೂರು ತಿಂಗಳಾದರೂ ತಾಳ್ಮೆ ಬೇಕು. ಈ ವಯಸ್ಸಿನಲ್ಲಿ ಬಹಳ ಹೆಂಗಸರಿಗೆ ಹಾರ್ಮೋನಿನಿಂದ ಬರುತ್ತದೆ, ಕೊಳಕಿನಿಂದಲ್ಲ ಅಂದರು. ಕೊಳಕಲ್ಲ ಅನ್ನುವ ಮಾತು ಕೇಳಿ ಅಲ್ಲೇ ಅತ್ತುಬಿಟ್ಟೆ.

ಮುಲಾಮಿಗೆ ಮೂರು ತಿಂಗಳು ಕೊಟ್ಟೆ. ಬಾಗಿಲ ಬಳಿ ಕೂರಲು ಮಾತ್ರ ಕಾಯಲಿಲ್ಲ. ಮರುದಿನವೇ ಕೂತೆ, ಕೆಂಪು ಮುಖದಲ್ಲೇ. ಗುಣವಾದ ಮೇಲೆ ಕೂರುವುದಾದರೆ ನೀನು ಹೇಳಿದ್ದೇ ಸರಿ ಅಂತ ಒಪ್ಪಿದ ಹಾಗಾಗುತ್ತಿರಲಿಲ್ಲವಾ?

ಮೊನ್ನೆ ಭಾನುವಾರ ಮಗು ಎತ್ತಿಕೊಂಡು ಒಬ್ಬಾಕೆ ಬಂದಳು. ಗಿಲಕಿ ಹಿಡಿದು ನನ್ನ ಗಲ್ಲ ನೋಡಿ ಕೇಳಿಯೇ ಬಿಟ್ಟಳು. “ಈ ಬಣ್ಣದಿಂದಾನಾ ಹಿಂಗಾಗಿರೋದು?” ನೀನು ಐದು ವರ್ಷ ಹೆದರಿದ ಪ್ರಶ್ನೆ, ಅತ್ತೆ. ಒಳಗಿನ ಲೇತಿನ ಕಡೆ ಕಣ್ಣು ಹೋಯಿತು. ಎದ್ದು ಹೋಗಲಿಲ್ಲ. ಎರಡೂ ಅಂಗೈ ಅವಳ ಮುಂದೆ ಚಾಚಿದೆ. “ಇದು ಮೊಡವೆ ಮೇಡಂ, ಔಷಧಿ ಹಚ್ತಾ ಇದೀನಿ. ಬಣ್ಣದಲ್ಲಿ ಇರೋದು ಈ ಕೈ. ಹದಿನೆಂಟು ವರ್ಷದಿಂದ ಐತೆ, ಒಂದು ಗುಳ್ಳೇನೂ ಇಲ್ಲ, ನೋಡಿ.”

ಆಕೆ ಕೈ ನೋಡಿದಳು, ಮುಖ ನೋಡಿದಳು. ಗಿಲಕಿಯನ್ನು ಮಗುವಿನ ಕೈಗೆ ಕೊಟ್ಟಳು. ಅದು ನೇರ ಬಾಯಿಗೇ ಇಟ್ಟುಕೊಂಡಿತು.

ಇಷ್ಟೇ. ನಾವಿಬ್ಬರೂ ಹೆದರಿದ್ದು ಇಷ್ಟಕ್ಕೇ.

ಮೊಡವೆ ಬಹಳಷ್ಟು ಕಡಿಮೆಯಾಗಿದೆ. ಆದರೂ ಇವತ್ತು ಬೆಳಿಗ್ಗೆ ಗಲ್ಲದ ಮೇಲೆ ಹೊಸದಾಗಿ ಎರಡು ಎದ್ದಿವೆ. ನಾನು ಒಳಗೆ ಹೋಗುವುದಿಲ್ಲ.