ಪಂಪ್‌ಹೌಸ್ ಹಿಂದಿನ ಹಳದಿ ಹೂ

ಮಾರ್ಚ್ 3, ಬೆಳಿಗ್ಗೆ 6.10
ಎರಡನೇ ಮೋಟಾರ್ ಆನ್. ಟ್ಯಾಂಕು ಮುಕ್ಕಾಲು. ಒಂದೂವರೆ ತಿಂಗಳ ಮೇಲೆ ಡ್ಯೂಟಿ. ಕಾಲಿನ ಪ್ಲಾಸ್ಟರ್ ಹೋದ ವಾರ ಬಿಚ್ಚಿದರು — ಮೆಟ್ಟಿಲು ಹತ್ತುವಾಗ ಚುರುಕ್ ಅನ್ನುತ್ತೆ, ಅಷ್ಟೆ.
ಪಂಪ್‌ಹೌಸ್ ಹಿಂದೆ ಕಳೆ ಸೊಂಟದುದ್ದ. ನಾನಿಲ್ಲದಿದ್ದರೆ ಕುಡುಗೋಲು ಮುಟ್ಟೋರೇ ಇಲ್ಲ. ಮಧ್ಯೆ ಹಳದಿ ಹೂ, ಶರ್ಟಿನ ಗುಂಡಿಯಷ್ಟು. ಚೆಂದ ಇದೆ. ಒಂದು ಕಿತ್ತು ಡೈರಿಯೊಳಗೆ ಇಟ್ಟೆ.

ಮಾರ್ಚ್ 4
ಅಕ್ಕನ ಮನೆಯಲ್ಲಿ ಊಟ. ಭಾವನಿಗೆ ಹೂ ತೋರಿಸಿದೆ. ಮೂವತ್ತು ವರ್ಷ ಕಾಲೇಜಲ್ಲಿ ಗಿಡಗಳ ಪಾಠ ಹೇಳಿದವರು. ತಟ್ಟೆ ಪಕ್ಕಕ್ಕೆ ತಳ್ಳಿ ಕನ್ನಡಕ ಹುಡುಕಿದರು. ತಲೆ ಮೇಲೇ ಇತ್ತು.
"ಎಲ್ಲಿ ಸಿಕ್ತು ಇದು?"
"ಪಂಪ್‌ಹೌಸ್ ಹಿಂದೆ. ಕಳೆ, ಭಾವ."
"ಕಳೆಯಂತೆ ಕಳೆ. ಸೂರ್ಯಕಾಂತಿ ಬಳಗದ ಕಾಡುಗಿಡ ಕಣೇ. ಈ ಕಡೆ ನಲವತ್ತು ವರ್ಷದಿಂದ ಯಾರೂ ಕಂಡಿಲ್ಲ."
ಒಂದು ಹೂ ಅಲ್ಲವಂತೆ. ನೂರಾರು ಪುಟಾಣಿ ಹೂ ಒತ್ತಿಕೊಂಡು ಕೂತು ಒಂದರ ಹಾಗೆ ಕಾಣೋದಂತೆ.
"ಊಟ ಮುಗಿಸಿ ಪಾಠ ಮಾಡಿ" ಅಂದಳು ಅಕ್ಕ.
"ಮತ್ತೆ ಇಷ್ಟು ವರ್ಷ ಯಾಕೆ ಹೂ ಬಿಡಲಿಲ್ಲ?" — ಭಾವ.
ಉತ್ತರ ನನಗೆ ಗೊತ್ತಿತ್ತು. ಹನ್ನೊಂದು ವರ್ಷ, ಪ್ರತಿ ಫೆಬ್ರವರಿ, ಬುಡದವರೆಗೆ ಸವರಿದ್ದು ನಾನೇ. ಈ ಸಲ ಕಾಲು ಮುರಿದು ಮಲಗಿದ್ದೆ. ಹೇಳಿದೆ. ಭಾವ ನಕ್ಕು ನಕ್ಕು ಕೆಮ್ಮಿದರು.
"ನಿನ್ನ ಕಾಲಿಗೊಂದು ದೊಡ್ಡ ನಮಸ್ಕಾರ."

ಮಾರ್ಚ್ 7
ಇಂಜಿನಿಯರ್ ಫೋನು. ಹನ್ನೆರಡನೇ ತಾರೀಕು ಇನ್‌ಸ್ಪೆಕ್ಷನ್. "ಹಿಂದೆಲ್ಲ ಕ್ಲೀನ್ ಇರಬೇಕಮ್ಮ, ಹೋದ ಸಲದ ಹಾಗೆ." ಹೂಂ ಅಂದುಬಿಟ್ಟೆ. ಬೀಜ ಬಲಿಯೋಕೆ ಇನ್ನೂ ಮೂರು ವಾರ ಬೇಕು ಅಂತಾರೆ ಭಾವ. ಇಂಜಿನಿಯರಿಗೆ ಒಂದು ದಿನವೂ ಎದುರಾಡಿದವಳಲ್ಲ ನಾನು...

ಮಾರ್ಚ್ 11
ಸುತ್ತಲಿನ ಹುಲ್ಲೆಲ್ಲ ಸವರಿದೆ. ಹಳದಿಯದನ್ನು ಬಿಟ್ಟೆ. ಇಪ್ಪತ್ತಮೂರು ಗಿಡ. ಈಗ ಇನ್ನೂ ಎದ್ದು ಕಾಣ್ತಿವೆ. ಬುದ್ಧಿ ನೋಡು ನಂದು.

ಮಾರ್ಚ್ 12, ಮಧ್ಯಾಹ್ನ
ಇಂಜಿನಿಯರ್ ಬಂದರು. ಮೋಟಾರು, ವಾಲ್ವು, ಲಾಗ್‌ಬುಕ್ಕು — ಎಲ್ಲ ಸರಿ. ಹಿಂದೆ ಹೋಗಿ ನಿಂತರು.
"ಇದೇನಮ್ಮ, ಅರ್ಧಕ್ಕೇ ಬಿಟ್ಟಿದ್ದೀರ?"
"ಬೇಕಂತಲೇ ಬಿಟ್ಟೆ ಸಾರ್."
ಎಲ್ಲ ಹೇಳಿದೆ. ನಲವತ್ತು ವರ್ಷ, ಹನ್ನೊಂದು ವರ್ಷ, ನನ್ನ ಕಾಲು.
"ಇದನ್ನ ಕತ್ತರಿಸೋಕೆ ನನ್ನ ಕೈಲಾಗಲ್ಲ ಸಾರ್. ಬೇರೆಯವರನ್ನ ಕಳಿಸಿದ್ರೂ ಬಿಡಲ್ಲ."
ಬಗ್ಗಿ ನೋಡಿದರು. ಸೀನಿದರು. ಮತ್ತೊಂದು ಸಲ ಸೀನಿದರು.
"ಬೇರು ಪೈಪಿಗೆ ಹೋಗುತ್ತಾ?"
"ಪೈಪು ಆ ಕಡೆ ಸಾರ್. ಎಂಟಡಿ ದೂರ."
"ಹಾಗಾದ್ರೆ ಇರಲಿ. ಸುತ್ತ ತಂತಿ ಹಾಕಿಸಿ. ನೀವು ರಜೆ ಹಾಕಿದ ದಿನ ಇನ್ನೊಬ್ಬರು ಬಂದು ಸವರಿಬಿಟ್ಟಾರು."
ಜೀಪು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕೆ.

ಮಾರ್ಚ್ 29, ಬೆಳಿಗ್ಗೆ 7.30
ಬೀಜ ಬಲಿತಿದೆ. ಹಳದಿ ಹೋಗಿ ಬಿಳಿ ನವಿರು. ಭಾವ ಕಾಗದದ ಕವರು ತಂದರು, ಜೊತೆಗೆ ಅಕ್ಕನೂ ಬಂದಳು. ಬಗ್ಗಿದ್ದೇ ಭಾವನ ಸೊಂಟ ಹಿಡಿಯಿತು. ಈಗ ಅಕ್ಕ ಬಿಡಿಸೋದು, ಅವರು ಕೂತಲ್ಲಿಂದಲೇ ಬೈಯೋದು.
ಗಾಳಿ ಬೀಸಿ ಅರ್ಧಕ್ಕರ್ಧ ಬೀಜ ಕಾಂಪೌಂಡ್ ದಾಟಿತು. "ಹಿಡಿಯೇ ಅದನ್ನ!" ಅಂತ ಭಾವ.
"ಹೋಗಲಿ ಬಿಡ್ರಿ. ಅವಕ್ಕೂ ನಾಲ್ಕು ಊರು ನೋಡೋ ಆಸೆ ಇರಲ್ವಾ?" ಅಂದಳು ಅಕ್ಕ.
ಒಂದು ಬೀಜ ಅಕ್ಕನ ಜಡೆಗೆ ಸಿಕ್ಕಿಕೊಂಡಿದೆ. ಅವಳಿಗೆ ಗೊತ್ತಿಲ್ಲ. ತೆಗೆಯೋಣ ಅಂತ ಎದ್ದೆ — ಬೇಡ, ಮನೆವರೆಗೆ ಹೋಗಲಿ. ಅವಳ ಹಿತ್ತಲಲ್ಲಿ ಏನಾದರೂ ಮೊಳೆತರೆ...